ಮೂರೆಲೆಯಲ್ಲಿ ಮೂರು ಎಕ್ಕ: ಓರೆ ಕಟ್ಟಿನಿಂದ ಕಲಿಯಬಹುದಾದ ಒಂದು ಇಸ್ಪೀಟ್ ಜಾದೂ

ನಿಮ್ಮನ್ನೂ ಸೇರಿಸಿ ನಾಲ್ಕು ಜನ ಸುತ್ತ ಕೂತಿದ್ದೀರಿ. ನೀವು ಇಸ್ಪೀಟ್ ಕಟ್ಟನ್ನು ಎರಡು ಭಾಗ ಮಾಡಿ ಇಟ್ಟಿರಿ, ಎದುರಿಗಿದ್ದವರು ತಮ್ಮ ಕೈಯಾರೆ ಕಲಸಿದರು. ನೀವು ಒಂದು ಸಲ ಕಟ್ ಮಾಡಿ, ಮೂರೆಲೆ (ತೀನ್ ಪತ್ತಿ) ಆಟಕ್ಕೆ ಹಂಚುವ ಹಾಗೆ ಒಂದೊಂದೇ ಎಲೆ ಹಂಚಿದಿರಿ. ಮೊದಲನೆಯವರು ಎತ್ತಿ ನೋಡಿದರೆ ರಾಜನ ಜೋಡಿ. ಎರಡನೆಯವರಿಗೆ ಆಟೀನ್ ಕಲರ್, ಅಂದರೆ ಮೂರೂ ಆಟೀನ್. ಮೂರನೆಯವರಿಗೆ ಇಸ್ಪೀಟಿನ ಪ್ಯೂರ್ ಸೀಕ್ವೆನ್ಸ್, ಅಂದರೆ ಮೂರೂ ಇಸ್ಪೀಟ್, ಅದೂ ಸಾಲಾಗಿ; ಅವರ ಮುಖ ಆಗಲೇ ಅರಳಿದೆ. ಕೊನೆಗೆ ನೀವು ನಿಮ್ಮ ಮೂರು ಎಲೆ ತಿರುಗಿಸುತ್ತೀರಿ: ಎಕ್ಕ, ಎಕ್ಕ, ಎಕ್ಕ.

ಕೈಚಳಕ ಬೇಕಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೇಕಾದದ್ದು ಒಂದೇ ಒಂದು ಚಲನೆ, ಅದನ್ನು ಒಂದು ವಾರಾಂತ್ಯದಲ್ಲಿ ಕಲಿಯಬಹುದು. ಉಳಿದ ಕೆಲಸವನ್ನೆಲ್ಲ ಕಟ್ಟೇ ಮಾಡುತ್ತದೆ.

ಇಲ್ಲಿ ಜಾದೂ ಇರುವುದು ಮೂರು ಎಕ್ಕದಲ್ಲಿ ಅಲ್ಲ, ಸೋತವರ ಕೈಗೆ ಬಿದ್ದ ಎಲೆಗಳಲ್ಲಿ. ಜೂಜಿನ ಮೋಸಗಾರ ತನಗೊಬ್ಬನಿಗೇ ಒಳ್ಳೆ ಎಲೆ ಹಾಕಿಕೊಂಡರೆ ಅವನಿಗೆ ಏನೂ ದಕ್ಕುವುದಿಲ್ಲ. ಉಳಿದವರೆಲ್ಲ ಎಲೆ ನೋಡಿ ಪ್ಯಾಕ್ ಮಾಡಿ ಎದ್ದುಬಿಡುತ್ತಾರೆ, ಅವನಿಗೆ ಸಿಗುವುದು ಬೂಟಿನ (ಆಟದ ಶುರುವಿನಲ್ಲಿ ಎಲ್ಲರೂ ಹಾಕುವ ಪಣ) ಚಿಲ್ಲರೆ ಮಾತ್ರ. ಎಲ್ಲರಿಗೂ 'ಈ ಸಲ ನನ್ನದೇ' ಅನ್ನಿಸುವಂಥ ಎಲೆ ಬಿದ್ದಾಗಲೇ ಪಣ ಏರುತ್ತದೆ. ಈ ಮರ್ಮವನ್ನೇ ನಾವು ಆಟವಾಗಿ ತೋರಿಸುವುದು. ಅದಕ್ಕೇ ಈ ಜಾದೂವನ್ನು ಮೂರೆಲೆ ಆಡಿ ಗೊತ್ತಿರುವವರ ಮುಂದೆ ಮಾಡಿದರೆ ಹೆಚ್ಚು ರಂಗೇರುತ್ತದೆ.

ಓರೆ ಕಟ್ಟು ಅಂದರೇನು

ಅಂಗಡಿಯಲ್ಲಿ ಕೇಳುವಾಗ 'ಸ್ಟ್ರಿಪ್ಪರ್ ಡೆಕ್' ಅನ್ನಿ, ಮ್ಯಾಜಿಕ್ ಸಾಮಾನು ಮಾರುವ ಯಾವ ಅಂಗಡಿಯವರಿಗಾದರೂ ತಿಳಿಯುತ್ತದೆ. ಆನ್‌ಲೈನಿನಲ್ಲೂ ಇದೇ ಹೆಸರಿನಲ್ಲಿ ಸಿಗುತ್ತದೆ. ನೋಡಲು ಮಾಮೂಲಿ ಕಟ್ಟು, 52 ಎಲೆಯೂ ಬೇರೆ ಬೇರೆ. ವ್ಯತ್ಯಾಸ ಇಷ್ಟೇ: ಪ್ರತಿ ಎಲೆಯ ಉದ್ದದ ಎರಡೂ ಅಂಚನ್ನು ಕೂದಲೆಳೆಯಷ್ಟು ಓರೆಯಾಗಿ ಕತ್ತರಿಸಿರುತ್ತಾರೆ. ಹಾಗಾಗಿ ಎಲೆಯ ಒಂದು ತುದಿ ಇನ್ನೊಂದು ತುದಿಗಿಂತ ಸುಮಾರು ಒಂದು ಮಿಲಿಮೀಟರ್ ಕಿರಿದು. ಮಾಮೂಲಿ ಪೋಕರ್ ಅಳತೆಯ ಎಲೆ 63 ಮಿ.ಮೀ. ಅಗಲ, 88 ಮಿ.ಮೀ. ಉದ್ದ ಇರುತ್ತದೆ. ಅಷ್ಟು ಅಗಲದಲ್ಲಿ ಒಂದು ಮಿಲಿಮೀಟರ್ ಕಣ್ಣಿಗೆ ಬೀಳುವುದೇ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಎಲ್ಲ ಎಲೆಗಳ ಅಗಲ ತುದಿ ಒಂದೇ ಕಡೆ ಇದ್ದಾಗ ಕಟ್ಟಿನಲ್ಲಿ ವಿಶೇಷವೇನೂ ಇಲ್ಲ. ಒಂದು ಎಲೆಯನ್ನು ತಲೆಕೆಳಗು ಮಾಡಿ ಸೇರಿಸಿದಿರೋ, ಅದರ ಅಗಲ ತುದಿ ಉಳಿದವುಗಳ ಕಿರಿದಾದ ತುದಿಯಿಂದ ಎರಡೂ ಬದಿಗೆ ತುಸು ಹೊರಚಾಚುತ್ತದೆ. ಹೆಬ್ಬೆರಳು ಮತ್ತು ನಡುಬೆರಳಿನಿಂದ ಆ ತುದಿಯ ಎರಡು ಬದಿ ಹಿಡಿದು ಎಳೆದರೆ, ಕಟ್ಟಿನ ಯಾವ ಮೂಲೆಯಲ್ಲಿದ್ದರೂ ಆ ಎಲೆ ಜಾರಿ ಕೈಗೆ ಬರುತ್ತದೆ.

ಇದು ಜಾದೂಗಾರರು ಕಂಡುಹಿಡಿದದ್ದಲ್ಲ, ಜೂಜಿನ ಅಡ್ಡೆಗಳಿಂದ ಬಂದದ್ದು. ಫ್ರೆಂಚ್ ಜಾದೂಗಾರ ರಾಬೆರ್ ಉದಾಂ 1861ರಲ್ಲಿ ಎಲೆಯಾಟದ ಮೋಸಗಳ ಮೇಲೆಯೇ ಒಂದು ಪುಸ್ತಕ ಬರೆದಾಗ ಓರೆ ಕತ್ತರಿಸಿದ ಎಲೆಗಳು ಆಗಲೇ ಹಳೆಯ ಸಂಗತಿ. ನಮ್ಮ ಮೈಸೂರಿನ ಗಂಜೀಫಾ ಎಲೆಗಳಲ್ಲಿ ಹೆಚ್ಚಿನವು ದುಂಡಗಿನವು. ಅವಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ, ಹಾಗಾಗಿ ಈ ಉಪಾಯ ಅಲ್ಲಿ ನಡೆಯುತ್ತಿರಲಿಲ್ಲ!

ಮನೆಯಲ್ಲೇ ಕತ್ತರಿ ಹಿಡಿದು ಮಾಡಿಕೊಳ್ಳುವ ಸಾಹಸ ಬೇಡ. 52 ಎಲೆಯನ್ನೂ ಒಂದೇ ಓರೆಗೆ ಕತ್ತರಿಸುವುದು ಕೈಯಿಂದ ಆಗದ ಕೆಲಸ, ಮೂಲೆಗಳ ದುಂಡು ಕೆಟ್ಟರೆ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತೀರಿ. ಕೊಳ್ಳುವಾಗ ಎರಡು ಸಂಗತಿ ನೋಡಿ. ಬೆನ್ನಿನ ಚಿತ್ತಾರ ತಲೆಕೆಳಗಾದರೂ ಒಂದೇ ಥರ ಕಾಣಬೇಕು. ಎಲೆ ನುಣುಪಾಗಿ ಜಾರಬೇಕು. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ತೆಳು ಎಲೆಗಳು ನಾಲ್ಕು ದಿನ ಬೆವರು ಕುಡಿದರೆ ಅಂಟಿಕೊಳ್ಳುತ್ತವೆ. ಅಂಥವು ಈ ಕೆಲಸಕ್ಕೆ ಬಾರವು.

ಕಟ್ಟು ಮನೆಗೆ ಬಂದ ಕೂಡಲೇ ಎಲ್ಲ ಎಲೆಗಳ ಅಗಲ ತುದಿಯನ್ನು ಒಂದೇ ಕಡೆ ಮಾಡಿಕೊಳ್ಳಿ. ಕಟ್ಟನ್ನು ನೆಟ್ಟಗೆ ಹಿಡಿದು ಎರಡೂ ಬದಿಯ ಮೇಲೆ ಬೆರಳು ಸವರಿ, ಎಲ್ಲಾದರೂ ತಡವಿದರೆ ಅಲ್ಲೊಂದು ಎಲೆ ತಿರುಗಿದೆ ಎಂದರ್ಥ. ಡಬ್ಬಿಗೆ ಹಾಕುವಾಗ ಅಗಲ ತುದಿ ಯಾವಾಗಲೂ ಮುಚ್ಚಳದ ಕಡೆಗೆ ಇರಲಿ. ಈ ಒಂದು ಅಭ್ಯಾಸ ಇದ್ದರೆ ಜನರೆದುರು ಕೂತು ತುದಿ ಹುಡುಕುವ ಪಜೀತಿ ತಪ್ಪುತ್ತದೆ.

ಮೊದಲು ಎಳೆಯುವುದನ್ನು ಕಲಿಯಿರಿ

ಜೋಡಣೆ, ಮಾತು ಎಲ್ಲ ಆಮೇಲೆ. ಮೊದಲ ದಿನ ನಾಲ್ಕು ಎಕ್ಕಗಳನ್ನು ಮಾತ್ರ ತಲೆಕೆಳಗು ಮಾಡಿ ಕಟ್ಟಿನ ನಾಲ್ಕು ಕಡೆ ತೂರಿಸಿ. ಕಟ್ಟನ್ನು ಚೌಕಾಕಾರವಾಗಿ ಸರಿಮಾಡಿ, ಅಡ್ಡಲಾಗಿ ಹಿಡಿಯಿರಿ. ಒಂದು ತುದಿ ಎಡಗೈಯಲ್ಲಿ, ಇನ್ನೊಂದು ತುದಿ ಬಲಗೈಯಲ್ಲಿ ಇರಲಿ. ಎರಡೂ ಕೈಯಲ್ಲಿ ಹೆಬ್ಬೆರಳು ನಿಮ್ಮ ಕಡೆಯ ಉದ್ದದಂಚಿನ ಮೇಲೆ, ನಡುಬೆರಳು ಆಚೆಯ ಉದ್ದದಂಚಿನ ಮೇಲೆ. ತೋರುಬೆರಳು ಮೇಲೆ ಸುಮ್ಮನೆ ಮಡಚಿಕೊಂಡಿರಲಿ. ಬೆರಳುಗಳು ತುದಿಗೆ ಆದಷ್ಟು ಹತ್ತಿರ ಇರಬೇಕು, ಯಾಕೆಂದರೆ ಅಗಲದ ವ್ಯತ್ಯಾಸ ಹೆಚ್ಚಾಗಿ ಸಿಗುವುದು ಅಲ್ಲೇ.

ಈಗ ಎರಡೂ ಕೈ ಮೆಲ್ಲಗೆ ದೂರ ಮಾಡಿ. ಎಕ್ಕಗಳು ಒಂದು ಕೈಗೆ, 48 ಎಲೆ ಇನ್ನೊಂದು ಕೈಗೆ ಬರಬೇಕು.

ಬರಲಿಲ್ಲವೇ? ಒತ್ತಿ ಹಿಡಿದಿದ್ದೀರಿ. ಶುರುವಿನಲ್ಲಿ ಎಲ್ಲರೂ ಇಕ್ಕಳದ ಹಾಗೆ ಬಿಗಿ ಹಿಡಿಯುತ್ತಾರೆ, ಆಗ ಅಗಲದ ಎಲೆ ಮಾತ್ರವಲ್ಲ ಕಿರಿದಾದ ಎಲೆಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಬೆರಳು ಅಂಚನ್ನು ಮುಟ್ಟಿದರೆ ಸಾಕು, ಅಮುಕಬೇಡಿ. ಹಾಗೆಂದು ತೀರಾ ಸಡಿಲ ಬಿಟ್ಟರೆ ಒಂದೆರಡು ಎಕ್ಕ ಒಳಗೇ ಉಳಿಯುತ್ತವೆ. ಸರಿಯಾದ ಹದ ಬೆರಳಿಗೇ ಸಿಗಬೇಕು, ಬರೆದು ತಿಳಿಸಲಾಗದು. ಸಿಕ್ಕ ಮೇಲೆ ಮರೆಯುವುದೂ ಇಲ್ಲ.

ಎಳೆದು ಬೇರೆ ಮಾಡಿದ್ದು 'ಎಳೆದ ಹಾಗೆ' ಕಾಣಬಾರದು, ಕಟ್ ಮಾಡಿದ ಹಾಗೆ ಕಾಣಬೇಕು. ಅದಕ್ಕೆ ಒಂದು ಸುಲಭದ ದಾರಿ: ಬೇರೆಯಾಗುತ್ತಿದ್ದ ಹಾಗೆಯೇ ಬಲಗೈಯನ್ನು ತುಸು ಮೇಲೆತ್ತಿ, ನಿಲ್ಲಿಸದೆ ಅದರಲ್ಲಿದ್ದ ಎಲೆಗಳನ್ನು ಎಡಗೈಯ ಎಲೆಗಳ ಮೇಲೆ ಟಪ್ ಎಂದು ಹಾಕಿ. ಎಳೆಯುವುದು, ಎತ್ತುವುದು, ಹಾಕುವುದು ಮೂರೂ ಒಂದೇ ಉಸಿರಿನ ಕೆಲಸ. ಹಾಗೆ ಮಾಡುವಾಗ ಕೈ ನೋಡಿಕೊಳ್ಳಬೇಡಿ. ಇಸ್ಪೀಟ್ ಕಟ್ ಮಾಡುವಾಗ ಯಾರೂ ತಮ್ಮ ಬೆರಳನ್ನು ದಿಟ್ಟಿಸುವುದಿಲ್ಲ, ನೀವು ದಿಟ್ಟಿಸಿದರೆ ಎದುರಿಗಿದ್ದವರೂ ಅಲ್ಲೇ ದಿಟ್ಟಿಸುತ್ತಾರೆ. ಟಿ.ವಿ. ನೋಡುತ್ತಾ ಅಭ್ಯಾಸ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ವಿದ್ಯೆ ಇಲ್ಲ.

ನಾಲ್ಕು ಎಲೆ ಸಲೀಸಾಗಿ ಬರತೊಡಗಿದ ಮೇಲೆ ಅರ್ಧ ಕಟ್ಟನ್ನೇ ತಲೆಕೆಳಗು ಮಾಡಿ ಕಲಸಿ, ಎಳೆದು ಬೇರೆ ಮಾಡಿ. 26ರಷ್ಟು ಎಲೆ ಆ ಕಡೆ, 26ರಷ್ಟು ಈ ಕಡೆ. ಇದು ನಾಲ್ಕು ಎಲೆಗಿಂತ ತುಸು ಭಾರ, ಆದರೆ ಹಿಡಿತ ಅದೇ. ನಮ್ಮ ಜಾದೂವಿಗೆ ಬೇಕಾದದ್ದು ಇದು.

ಹನ್ನೆರಡು ಎಲೆಯ ಜೋಡಣೆ

ಇದನ್ನು ಮನೆಯಲ್ಲೇ ಮಾಡಿಕೊಂಡು ಹೋಗಬೇಕು. ಕಟ್ಟಿನ ಮೇಲಿನಿಂದ, ಅಂದರೆ ಬೆನ್ನು ಮೇಲಾಗಿ ಇಟ್ಟಾಗ ಮೊದಲು ಕೈಗೆ ಸಿಗುವ ಎಲೆಯಿಂದ ಶುರುಮಾಡಿ ಈ ಕ್ರಮ:

1. ಆಟೀನ್ ರಾಜ
2. ಆಟೀನ್ ರಾಣಿ
3. ಇಸ್ಪೀಟ್ 10
4. ಕಳಾವರ್ ಎಕ್ಕ
5. ಡೈಮಂಡ್ 4
6. ಆಟೀನ್ 6
7. ಇಸ್ಪೀಟ್ ರಾಣಿ
8. ಆಟೀನ್ ಎಕ್ಕ
9. ಕಳಾವರ್ ರಾಜ
10. ಆಟೀನ್ 10
11. ಇಸ್ಪೀಟ್ ಗುಲಾಮ
12. ಇಸ್ಪೀಟ್ ಎಕ್ಕ

ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಾಲ್ಕು ಜನರ ಕೈ ಮೊದಲೇ ಬೇರೆ ಬೇರೆ ಇಟ್ಟುಕೊಂಡು, ಒಬ್ಬೊಬ್ಬರಿಂದ ಒಂದೊಂದು ಎಲೆ ಸರದಿಯಂತೆ ತೆಗೆದು ಪೇರಿಸಿದರೆ ತಾನಾಗಿ ಈ ಕ್ರಮ ಬರುತ್ತದೆ. 1, 5, 9 ಮೊದಲನೆಯವರಿಗೆ: ರಾಜನ ಜೋಡಿ. 2, 6, 10 ಎರಡನೆಯವರಿಗೆ: ಆಟೀನ್ ಕಲರ್. 3, 7, 11 ಮೂರನೆಯವರಿಗೆ: ಇಸ್ಪೀಟ್ ಹತ್ತು-ಗುಲಾಮ-ರಾಣಿ. 4, 8, 12 ಕೊನೆಯವರಿಗೆ: ಎಕ್ಕದ ಟ್ರಯಲ್, ಅಂದರೆ ಮೂರೂ ಎಕ್ಕ.

ಎಲೆಗಳನ್ನು ನಿಮ್ಮಿಷ್ಟಕ್ಕೆ ಬದಲಿಸಿಕೊಳ್ಳಬಹುದು, ಆದರೆ ಏರುವ ಕ್ರಮ ಬಿಡಬೇಡಿ. ಜೋಡಿ, ಕಲರ್, ಪ್ಯೂರ್ ಸೀಕ್ವೆನ್ಸ್, ಟ್ರಯಲ್ ಎಂದು ಒಂದಕ್ಕಿಂತ ಒಂದು ಮೇಲಾಗಿ ಬಿದ್ದಾಗ ನೋಡುವವರು ತಾವಾಗಿಯೇ ಮುಂದಕ್ಕೆ ಬಾಗುತ್ತಾರೆ. ಆದರೆ ಮೂರು ಜನರಿಗೂ ಪ್ಯೂರ್ ಸೀಕ್ವೆನ್ಸ್ ಹಾಕಿದರೆ ಅದು ಅತಿಯಾಯಿತು, ಎರಡನೇ ಕೈ ತಿರುಗುವ ಹೊತ್ತಿಗೇ 'ಕಟ್ಟು ಜೋಡಿಸಿದ್ದು' ಅಂತ ಯಾರೋ ಗೊಣಗುತ್ತಾರೆ. ರಾಜನ ಜೋಡಿಯ ಜೊತೆ ಒಂದು ಬಡಪಾಯಿ ಡೈಮಂಡ್ 4 ಇಟ್ಟಿರುವುದು ಅದಕ್ಕೇ. ಅಂಥ ಒಂದು ಎಲೆ ಇದ್ದರೆ ಕೈ ಸಹಜವಾಗಿ ಕಾಣುತ್ತದೆ.

ಇನ್ನೂ ಒಂದು ಎಲೆ ಬೇಕು. ಕಟ್ಟಿನ ತೀರಾ ಅಡಿಯಲ್ಲಿ ಕಳಾವರ್ 2 ಇಡಿ. ಅದರ ಉಪಯೋಗ ಮುಂದೆ ಬರುತ್ತದೆ.

ಕಲಸುವುದು

ಗುಟ್ಟೆಲ್ಲ ಇಲ್ಲಿದೆ, ನಿಧಾನವಾಗಿ ಓದಿ, ಸಾಧ್ಯವಾದರೆ ಕಟ್ಟನ್ನು ಕೈಯಲ್ಲಿ ಹಿಡಿದೇ ಓದಿ.

ಕಟ್ಟನ್ನು ನಿಮ್ಮ ಮುಂದೆ ಉದ್ದುದ್ದ ಇಡಿ, ಅಗಲ ತುದಿ ನಿಮ್ಮಿಂದ ಆಚೆಗಿರಲಿ. ಮೇಲಿನ ಸುಮಾರು ಅರ್ಧ ಎತ್ತಿ. ಎಣಿಸಬೇಕಿಲ್ಲ, ಹನ್ನೆರಡಕ್ಕಿಂತ ಧಾರಾಳವಾಗಿ ಹೆಚ್ಚಿದ್ದರೆ ಸಾಕು. ಎತ್ತಿದ ಭಾಗವನ್ನು ಬಲಕ್ಕೆ ತಿರುಗಿಸಿ (ಗಡಿಯಾರದ ಮುಳ್ಳು ತಿರುಗುವ ಕಡೆಗೆ) ಬಲಗಡೆ ಅಡ್ಡಲಾಗಿ ಇಡಿ. ಉಳಿದ ಭಾಗವನ್ನು ಎಡಕ್ಕೆ ತಿರುಗಿಸಿ ಎಡಗಡೆ ಅಡ್ಡಲಾಗಿ ಇಡಿ. ಪುಸ್ತಕ ತೆರೆದ ಹಾಗೆ ಎರಡೂ ಕೈ ಒಟ್ಟಿಗೆ ಮಾಡುವ ಕೆಲಸ ಇದು. ರಿಫಲ್ (ಎರಡು ಭಾಗದ ತುದಿಗಳನ್ನು ಬಾಗಿಸಿ ಒಂದರೊಳಗೊಂದು ಬೀಳಿಸಿ ಕಲಸುವುದು) ಮಾಡುವವರೆಲ್ಲ ಹೀಗೇ ಮಾಡುತ್ತಾರೆ, ಹಾಗಾಗಿ ಯಾರ ಕಣ್ಣಿಗೂ ಇದು ವಿಚಿತ್ರವಾಗಿ ಕಾಣದು. ಆದರೆ ಅಷ್ಟರಲ್ಲಿ ಎರಡೂ ಭಾಗ ಒಂದಕ್ಕೊಂದು ತಲೆಕೆಳಗಾಗಿವೆ. ಅಗಲ ತುದಿಗಳು ಹೊರಗೆ, ಕಿರಿದಾದ ತುದಿಗಳು ಒಳಗೆ, ಎದುರುಬದುರು.

ಈಗ ಒಳತುದಿಗಳನ್ನು ಬಾಗಿಸಿ, ಪರ್ರ್ ಎಂದು ಬಿಡುತ್ತಾ ಒಂದರೊಳಗೊಂದು ಬೀಳಿಸಿ, ಒಳಕ್ಕೆ ತಳ್ಳಿ ಚೌಕ ಮಾಡಿ. ಇದು ನಿಜವಾದ ಕಲಸುವಿಕೆ, ನಾಟಕವೇನಿಲ್ಲ. ಆದರೂ ಬಲಭಾಗದ ಎಲೆಗಳು ತಮ್ಮತಮ್ಮಲ್ಲಿ ಹಳೆಯ ಕ್ರಮದಲ್ಲೇ ಇವೆ, ನಡುನಡುವೆ ಎಡಭಾಗದ ಎಲೆಗಳು ಬಂದು ಕೂತಿವೆ ಅಷ್ಟೆ. ಎಡ ಬಲ ತುದಿ ಹಿಡಿದು ಎಳೆದರೆ ಬಲಭಾಗ ಇಡಿಯಾಗಿ ಬಲಗೈಗೆ, ಎಡಭಾಗ ಎಡಗೈಗೆ. ಬಲಗೈಯಲ್ಲಿದ್ದದ್ದನ್ನು ಮೇಲೆ ಹಾಕಿ. ಹನ್ನೆರಡು ಎಲೆಯೂ ಇದ್ದ ಹಾಗೇ ಇವೆ.

ಇನ್ನೊಂದು ಸಲ ಕಲಸಬೇಕೆನಿಸಿದರೆ ಧಾರಾಳವಾಗಿ ಕಲಸಿ, ಆದರೆ ಈ ಸಲ ತಿರುಗಿಸಬೇಡಿ. ಎರಡು ಭಾಗ ಆಗಲೇ ತಲೆಕೆಳಗಾಗಿವೆ. ಬಲತುದಿ ಹಿಡಿದು ಎತ್ತಿದರೆ ಮೇಲಿನ ಭಾಗ ಸರಿಯಾಗಿ ಅಲ್ಲಿಗೇ ಬಿಟ್ಟುಕೊಳ್ಳುತ್ತದೆ. ಅದನ್ನು ಹಾಗೇ ಬಲಕ್ಕೆ ಸರಿಸಿ, ರಿಫಲ್ ಮಾಡಿ, ಎಳೆಯಿರಿ.

ಇಷ್ಟು ಕೈಗೆ ಬಂದಮೇಲೆ, ಕಲಸುವುದನ್ನು ಎದುರಿನವರಿಗೇ ಬಿಟ್ಟುಬಿಡಿ. ಜಾದೂವಿಗೆ ನಿಜವಾದ ತೂಕ ಬರುವುದು ಆಗ. ಎರಡು ಭಾಗ ಮಾಡಿ ತಿರುಗಿಸಿ ಅವರ ಮುಂದಿಟ್ಟು, "ಭಾವ, ನೀವೇ ಕಲಸಿ, ನನ್ನ ಕೈ ಮುಟ್ಟಲ್ಲ" ಅನ್ನಿ. ನಮ್ಮಲ್ಲಿ ರಿಫಲ್ ಗೊತ್ತಿರುವವರು ಕಡಿಮೆ. ಬಹಳ ಜನ ಒಂದು ಕೈಯ ಎಲೆಗಳನ್ನು ಇನ್ನೊಂದು ಕೈಯ ಎಲೆಗಳ ಸಂದಿಗೆ ತುರುಕಿ ಕಲಸುತ್ತಾರೆ. ತುದಿಯಿಂದ ತುರುಕಲಿ, ಉದ್ದದ ಬದಿಯಿಂದ ತುರುಕಲಿ, ತೊಂದರೆಯಿಲ್ಲ. ಎರಡು ಭಾಗ ಒಂದರೊಳಗೊಂದು ಸೇರಿದರೆ ಆಯಿತು. ಅವರು ಕೈಗೆತ್ತಿಕೊಂಡು ತಿರುಗಿಸದಿದ್ದರೆ ಸಾಕು, ಅದಕ್ಕಾಗಿ ಮೇಜಿನ ಮೇಲಿಟ್ಟೇ ಮಾಡಲು ಹೇಳಿ.

ಕಲಸಿ ಕಟ್ಟನ್ನು ನಿಮಗೆ ಕೊಡುವಾಗ ಅವರು ಅದನ್ನು ಸುತ್ತು ತಿರುಗಿಸಿಬಿಟ್ಟರೆ? ಆಗ ಜೋಡಿಸಿದ ಭಾಗ ಬಲಗೈಗೆ ಬರುತ್ತದೋ ಎಡಗೈಗೋ ಹೇಳಲಾಗದು. ಕಳಾವರ್ 2 ಕೆಲಸಕ್ಕೆ ಬರುವುದು ಇಲ್ಲಿ. ಎಳೆದು ಬೇರೆ ಮಾಡುವಾಗ ಎರಡೂ ಕೈ ತುಸು ನಿಮ್ಮ ಕಡೆ ವಾಲಲಿ, ಯಾವ ಭಾಗದ ಅಡಿಯಲ್ಲಿ ಕಳಾವರ್ 2 ಕಾಣುತ್ತದೋ ಅದು ಕೆಳಗೆ ಹೋಗಬೇಕು, ಇನ್ನೊಂದು ಮೇಲೆ. ಕಣ್ಣು ಮಿಟುಕಿಸುವಷ್ಟರ ಕೆಲಸ.

ಎರಡು ಕಡೆ ಮಾತ್ರ ಖಡಾಖಂಡಿತವಾಗಿರಿ. ಒಂದು, ಅವರು ಕಲಸುವುದು ಒಂದೇ ಸಲ. ಎರಡನೇ ಸಲ ಅವರೇ ತಮಗೆ ತೋಚಿದಲ್ಲಿ ಅರ್ಧ ಮಾಡಿ ಕಲಸಿದರೆ ಜೋಡಿಸಿದ ಭಾಗವೇ ಒಡೆದು ಕ್ರಮ ಕೆಡುತ್ತದೆ. ಎರಡು, ಕೊನೆಯ ಕಟ್ ನಿಮ್ಮದೇ. ಆಟದ ಪದ್ಧತಿಯಂತೆ ಹಂಚುವವನು ಕಲಸಿ, ಪಕ್ಕದವರು ಕಟ್ ಮಾಡಬೇಕು. ಅದನ್ನು ತಿರುವುಮುರುವು ಮಾಡಿ ಹೇಳಿ: "ಕಲಸಿದ್ದು ನೀವು, ಕಟ್ ನಂದು, ಲೆಕ್ಕ ಸರಿಹೋಯ್ತು." ಯಾರೂ ತಕರಾರು ಮಾಡುವುದಿಲ್ಲ, ಕಲಸುವ ಹಕ್ಕು ಸಿಕ್ಕವರಿಗೆ ಕಟ್ ದೊಡ್ಡದೆನಿಸದು.

ಹಂಚುವುದು, ಆಡುವ ಮಾತು

ಹಣ ಇಡಬೇಡಿ. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಜೂಜು ಅಪರಾಧ. ಓರೆ ಕಟ್ಟು ಹಿಡಿದು ದುಡ್ಡಿಗೆ ಆಡಿದರೆ ಅದು ಜೂಜೂ ಹೌದು, ವಂಚನೆಯೂ ಹೌದು. ಹುಣಸೆ ಬೀಜ ಅಥವಾ ಬೆಂಕಿಕಡ್ಡಿ ಸಾಕು, ಒಬ್ಬೊಬ್ಬರಿಗೆ ಹತ್ತು ಕೊಡಿ. ಹಳೇ ಮೈಸೂರು ಕಡೆಯ ಊರುಗಳಲ್ಲಿ ಯುಗಾದಿಗೆ ಇಸ್ಪೀಟ್ ಹರಡಿ ಕೂರುವ ರೂಢಿ ಇದೆಯಲ್ಲ, ಅಂಥ ಕಡೆ ಈ ಜಾದೂವಿಗೆ ಬೇರೆ ಪೀಠಿಕೆಯೇ ಬೇಡ. ಆದರೆ ನಿಜವಾದ ಆಟ ನಡೆಯುತ್ತಿರುವಾಗ ನಡುವೆ ಈ ಕಟ್ಟು ತೆಗೆಯಬೇಡಿ. ಆಟ ಮುಗಿದು, ಕಾಫಿ ಬಂದ ಹೊತ್ತು ಒಳ್ಳೆಯದು.

ಮೊದಲೇ 'ಜಾದೂ ತೋರಿಸ್ತೀನಿ' ಅನ್ನಬೇಡಿ. "ಮೋಸ ಮಾಡೋರು ಹೇಗೆ ಹಂಚ್ತಾರೆ ಗೊತ್ತಾ?" ಎಂದು ಶುರುಮಾಡಿದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಎಲ್ಲರೂ ಬೂಟ್ ಹಾಕಲಿ. ಎಲೆಗಳನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಮೂರು ಸುತ್ತು, ಅವಸರವಿಲ್ಲದೆ ಹಂಚಿ. ಕಟ್ಟನ್ನು ಅಂಗೈಯಲ್ಲಿ ಸಡಿಲವಾಗಿ, ಎಲ್ಲರಿಗೂ ಕಾಣುವಂತೆ ಹಿಡಿಯಿರಿ. ಅಡಿಯಿಂದ ಎಲೆ ಎಳೆದಿರಬಹುದು ಎಂಬ ಗುಮಾನಿ ಇದ್ದೇ ಇರುತ್ತದೆ. ಬೇಕಿದ್ದರೆ "ಮೇಲಿಂದಾನೇ ಹಂಚ್ತಿದೀನಿ, ನೋಡ್ಕೊಳ್ಳಿ" ಎಂದುಬಿಡಿ. ಅದು ನಿಜವೂ ಹೌದು.

ಹಂಚಿ ಆದಮೇಲೆ ತಕ್ಷಣ ತೆರೆಸಬೇಡಿ. ಮೂವರೂ ತಮ್ಮ ಎಲೆ ಗುಟ್ಟಾಗಿ ನೋಡಿಕೊಳ್ಳಲಿ. ನೀವು ಮಾತ್ರ ಬ್ಲೈಂಡ್ ಆಡಿ, ಎಲೆ ಮುಟ್ಟಬೇಡಿ. ಒಂದು ಸುತ್ತು ಬೆಂಕಿಕಡ್ಡಿ ಓಡಲಿ. ರಾಜನ ಜೋಡಿ ಇದ್ದವರು ಯೋಚಿಸುತ್ತಾರೆ, ಪ್ಯೂರ್ ಸೀಕ್ವೆನ್ಸ್ ಇದ್ದವರು ಮುಖ ಗಂಟಿಕ್ಕಿ ನಟಿಸುತ್ತಾರೆ. ಈ ಹೊತ್ತನ್ನು ಅವಸರದಲ್ಲಿ ಕಳೆಯಬೇಡಿ, ಜಾದೂ ನಡೆಯುವುದೇ ಇಲ್ಲಿ.

ಆಮೇಲೆ ಶೋ. ಮೊದಲನೆಯವರಿಂದ ಶುರು. ಒಂದೊಂದು ಕೈ ತಿರುಗಿದಾಗಲೂ ಒಂದು ಮಾತು ಸೇರಿಸಿ. ಲೆಕ್ಕ ಗೊತ್ತಿದ್ದರೆ ಮಾತಿಗೆ ಬೆಲೆ: 52 ಎಲೆಯಲ್ಲಿ ಮೂರೆಲೆ ಬೀಳುವ ಬಗೆ ಒಟ್ಟು 22,100. ಅದರಲ್ಲಿ ಜೋಡಿ ಬರುವುದು 3,744 ಸಲ, ಬರೀ ಕಲರ್ 1,096, ಪ್ಯೂರ್ ಸೀಕ್ವೆನ್ಸ್ 48, ಟ್ರಯಲ್ 52. ಎಕ್ಕದ ಟ್ರಯಲ್ಲೇ ಬೇಕೆಂದರೆ ನಾಲ್ಕೇ ದಾರಿ, ಅಂದರೆ 5,525 ಸಲಕ್ಕೆ ಒಂದು. ತಮಾಷೆ ನೋಡಿ, ಪ್ಯೂರ್ ಸೀಕ್ವೆನ್ಸ್ ಟ್ರಯಲ್‌ಗಿಂತ ಅಪರೂಪ, ಆದರೂ ನಮ್ಮ ಮೂರೆಲೆಯಲ್ಲಿ ಟ್ರಯಲ್ಲೇ ದೊಡ್ಡದು. ಕ್ಯಾಸಿನೊಗಳ ತ್ರೀ ಕಾರ್ಡ್ ಪೋಕರ್‌ನಲ್ಲಿ ಇದು ಉಲ್ಟಾ. ಮೂರನೆಯವರು ಸೋತಾಗ "ಲೆಕ್ಕದ ಪ್ರಕಾರ ನೀವೇ ಗೆಲ್ಲಬೇಕಿತ್ತು, ಆಟದ ರೂಲ್ಸು ಹಿಂಗಿದೆ ನೋಡಿ" ಎಂದರೆ ಸೋತವರೂ ನಗುತ್ತಾರೆ.

ನಿಮ್ಮ ಮೂರು ಎಲೆ ಒಟ್ಟಿಗೆ ಬಡಿಯಬೇಡಿ. ಒಂದು ಎಕ್ಕ. ಇನ್ನೊಂದು. ಮೂರನೆಯದು ಯಾವುದೆಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ. ಅದನ್ನು ತಿರುಗಿಸುವ ಕೆಲಸ ಪಕ್ಕದಲ್ಲಿರುವ ಮಗುವಿಗೋ ಅಜ್ಜಿಗೋ ಬಿಡಿ.

ಯಾರು ಗೆಲ್ಲಬೇಕು, ನೀವೇ ಹೇಳಿ

ಸ್ವಲ್ಪ ಧೈರ್ಯ ಬಂದಮೇಲೆ ಇದನ್ನು ಸೇರಿಸಿ. ಕಲಸಿ ಕಟ್ ಆದಮೇಲೆ "ಈ ಸಲ ಯಾರು ಗೆಲ್ಲಬೇಕು?" ಎಂದು ಕೇಳಿ. ಯಾರ ಹೆಸರು ಹೇಳಿದರೂ ಅವರಿಗೇ ಎಕ್ಕ ಬೀಳಬೇಕು. ಉಪಾಯ ಸರಳ: ಗೆಲ್ಲಬೇಕಾದವರು ಕೊನೆಯ ಸರದಿಗೆ ಬರುವಂತೆ, ಅವರ ಮುಂದಿನವರಿಂದ ಹಂಚಲು ಶುರುಮಾಡಿ. ನಾಲ್ಕನೇ ಎಲೆ ಯಾರಿಗೋ ಎಕ್ಕವೂ ಅವರಿಗೇ.

ಎಲ್ಲಿಂದ ಹಂಚಬೇಕೆಂಬ ಶಿಸ್ತು ಪಾಲಿಸುವ ಹಳೇ ಆಟಗಾರರು ಕೂತಿದ್ದರೆ ಇದು ಅವರ ಕಣ್ಣಿಗೆ ಬೀಳಬಹುದು. ಅವರಿಗಾಗಿ ಇನ್ನೊಂದು ದಾರಿ. ಜೋಡಣೆಗೆ ಇನ್ನೂ ಮೂರು ಎಲೆ ಸೇರಿಸಿ: 13 ಡೈಮಂಡ್ ರಾಜ, 14 ಆಟೀನ್ 3, 15 ಇಸ್ಪೀಟ್ ರಾಜ. ಈಗ ಯಾವಾಗಲೂ ಪದ್ಧತಿಯಂತೆ ಮೊದಲನೆಯವರಿಂದಲೇ ಹಂಚಬಹುದು. ನೀವು ಗೆಲ್ಲಬೇಕಾದರೆ ಹಾಗೇ ಹಂಚಿ. ಮೂರನೆಯವರು ಗೆಲ್ಲಬೇಕಾದರೆ ಮೇಲಿನ ಒಂದು ಎಲೆಯನ್ನು ತೋರಿಸದೆ ಅಡಿಗೆ ಹಾಕಿ ಹಂಚಿ, ಎರಡನೆಯವರಾದರೆ ಎರಡು ಎಲೆ, ಮೊದಲನೆಯವರಾದರೆ ಮೂರು. ಕೈಗಳು ಒಂದೊಂದು ಮನೆ ಸರಿದು ಕೂರುತ್ತವೆ, ಕೊನೆಯಲ್ಲಿ ನಿಮಗೆ ಬರುವ ಖಾಲಿಯನ್ನು ಈ ಮೂರು ಎಲೆ ತುಂಬುತ್ತವೆ: ಒಂದು ಸರಿದರೆ ನಿಮಗೆ ರಾಜನ ಜೋಡಿ, ಎರಡು ಸರಿದರೆ ಕಲರ್, ಮೂರು ಸರಿದರೆ ಇಸ್ಪೀಟ್ ಗುಲಾಮ-ರಾಣಿ-ರಾಜ. ಯಾವ ಲೆಕ್ಕಕ್ಕೂ ಸೋತವರ ಕೈ ಬರಿದಾಗುವುದಿಲ್ಲ. ನನಗೆ ಇದೇ ಇಷ್ಟ, ಆದರೆ ಕಲಿಯುವವರು ಮೊದಲಿನದರಿಂದ ಶುರುಮಾಡುವುದು ಕ್ಷೇಮ.

ಕೈಕೊಡುವ ಕಡೆಗಳು

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಎಲೆಗಳು ತೇವ ಹೀರಿ ಒಂದಕ್ಕೊಂದು ಅಂಟುತ್ತವೆ. ಎಳೆಯುವಾಗ ಆ ಭಾಗದ ಒಂದೇ ಒಂದು ಎಲೆ ಈ ಭಾಗಕ್ಕೆ ಅಂಟಿಕೊಂಡು ಬಂದರೂ ಹಂಚಿಕೆ ಒಂದು ಮನೆ ತಪ್ಪುತ್ತದೆ. ಆಡುವ ಮುಂಚೆ ಕಟ್ಟನ್ನು ಎರಡು ಮೂರು ಸಲ ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿ. ಬೆರಳ ಬೆವರನ್ನು ಕರವಸ್ತ್ರದಲ್ಲಿ ಒರೆಸಿಕೊಳ್ಳಿ. ತೀರಾ ಅಂಟುವ ಕಟ್ಟಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಒರೆಸಬಹುದು, ಹೆಚ್ಚಾದರೆ ಎಲೆಗಳು ಕೈಯಲ್ಲಿ ನಿಲ್ಲದೆ ಜಾರುತ್ತವೆ.

ಗಾಜಿನ ಮೇಜಿನ ಮೇಲೆ ರಿಫಲ್ ಕಷ್ಟ, ಎಲೆ ಎತ್ತಲೂ ಆಗದು. ಜಮಖಾನೆ ಅಥವಾ ದಪ್ಪ ಟವೆಲ್ ಒಳ್ಳೆಯದು.

ಮೊದಲ ಕೈ ತಿರುಗಿಸಿದಾಗ ರಾಜನ ಜೋಡಿ ಕಾಣಲಿಲ್ಲ ಎಂದಿಟ್ಟುಕೊಳ್ಳಿ. ಜೋಡಣೆ ಕೆಟ್ಟಿದೆ. ಗಾಬರಿಯಾಗಬೇಕಿಲ್ಲ, ಎಕ್ಕ ಬೀಳುತ್ತದೆ ಎಂದು ನೀವು ಇನ್ನೂ ಯಾರಿಗೂ ಹೇಳಿಲ್ಲ. ಉಳಿದವರೂ ತೋರಿಸಲಿ, ಗೆದ್ದವರಿಗೆ ಬೆಂಕಿಕಡ್ಡಿ ಕೊಟ್ಟು, "ಇದು ಪ್ರಾಮಾಣಿಕವಾಗಿ ಹಂಚೋ ರೀತಿ" ಎಂದು ನಕ್ಕು ಎಲೆ ಒಟ್ಟುಮಾಡಿ. 'ಯಾರು ಗೆಲ್ಲಬೇಕು' ಎಂದು ಕೇಳಿದ್ದರೆ ಮಾತ್ರ ಈ ಬಾಗಿಲು ಮುಚ್ಚಿರುತ್ತದೆ. ಅದನ್ನು ಆಮೇಲೆ ಕಲಿಯಿರಿ ಎಂದದ್ದು ಅದಕ್ಕೇ.

ಜಾದೂ ಮುಗಿದ ಕೂಡಲೇ ಯಾರಾದರೂ "ಕೊಡಿಲ್ಲಿ ಕಟ್ಟನ್ನ" ಎಂದು ಕೈಚಾಚುತ್ತಾರೆ. ಕೊಡಿ. ಎಲೆಗಳ ಮುಖ, ಬೆನ್ನು ಎಷ್ಟು ನೋಡಿದರೂ ಏನೂ ಸಿಗುವುದಿಲ್ಲ. ಆದರೆ ಕಲಸುತ್ತಾ ಕೂತರೆ ತಿರುಗಿದ ಎಲೆಗಳ ಅಂಚು ಬೆರಳಿಗೆ ತಡವಬಹುದು. ಅದೇ ಬೆನ್ನಿನ ಚಿತ್ತಾರದ ಮಾಮೂಲಿ ಕಟ್ಟೊಂದು ಜೇಬಿನಲ್ಲಿದ್ದರೆ, ಕಾಫಿ ಲೋಟ ಎತ್ತಿಡುವ ನೆವದಲ್ಲಿ ಬದಲಿಸಿಬಿಡಬಹುದು. ಅಷ್ಟು ತಂಟೆ ಬೇಡವೆನಿಸಿದರೆ ಎಲೆಗಳನ್ನು ಡಬ್ಬಿಗೆ ಹಾಕಿ ಬೇರೆ ಮಾತು ತೆಗೆಯಿರಿ. ಅದೇ ಜನರ ಮುಂದೆ ಅದೇ ಸಂಜೆ ಎರಡನೇ ಸಲ ಮಾತ್ರ ಮಾಡಬೇಡಿ, ಎಷ್ಟೇ ಒತ್ತಾಯಿಸಲಿ.

ಮತ್ತೆ ಜೋಡಿಸಿಕೊಳ್ಳುವುದು

ಮದುವೆ ಮನೆಯಂಥ ಕಡೆ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಬೇಕಾದಾಗ ಇದು ಉಪಯೋಗ. ತೆರೆದಿಟ್ಟ ನಾಲ್ಕು ಕೈಗಳನ್ನು ಒಟ್ಟಿಗೆ ಬಾಚಬೇಡಿ. ಎಕ್ಕದವರಿಂದ ಒಂದು ಎಲೆ ಬೆನ್ನು ಮೇಲಾಗಿ ಕಟ್ಟಿನ ಮೇಲೆ ಹಾಕಿ, ನಂತರ ಪ್ಯೂರ್ ಸೀಕ್ವೆನ್ಸಿನವರಿಂದ, ಕಲರ್‌ನವರಿಂದ, ಕೊನೆಗೆ ಜೋಡಿಯವರಿಂದ. ಹೀಗೆ ಮೂರು ಸುತ್ತು. ಒಬ್ಬರ ಕೈಯ ಮೂರೆಲೆಯಲ್ಲಿ ಯಾವುದು ಮೊದಲು ಬಂದರೂ ನಡೆಯುತ್ತದೆ. ಹದಿನೈದು ಎಲೆಯ ಜೋಡಣೆಯಲ್ಲಿ ಎಲೆ ಅಡಿಗೆ ಹಾಕಿದ್ದರೆ ಮಾತ್ರ ಈ ದಾರಿ ನಡೆಯದು, ಆ ಎಲೆಗಳನ್ನು ಹುಡುಕಿ ಕೂತೇ ಜೋಡಿಸಬೇಕು.

ಇನ್ನು ದಿಕ್ಕು. ನೋಡಿದವರು ಎಲೆ ತಿರುಗಿಸಿಟ್ಟಿರುತ್ತಾರೆ, ಕಟ್ಟಿನ ಎರಡು ಭಾಗವೂ ಇನ್ನೂ ಒಂದಕ್ಕೊಂದು ತಲೆಕೆಳಗಾಗಿಯೇ ಇವೆ. ಪಕ್ಕಕ್ಕೆ ಹೋಗಿ ಮೊದಲು ಮೇಲಿನ ಹನ್ನೆರಡು ಎಲೆಗಳ ತುದಿ ಒಂದೊಂದಾಗಿ ನೋಡಿ ಸರಿಮಾಡಿ ಬೇರೆ ಇಟ್ಟುಕೊಳ್ಳಿ. ಉಳಿದದ್ದನ್ನು ಎಳೆದು ಎರಡು ಮಾಡಿ, ಒಂದು ಭಾಗವನ್ನು ತಿರುಗಿಸಿ ಸೇರಿಸಿ. ಕಳಾವರ್ 2 ಅಡಿಯಲ್ಲಿದೆಯೇ ನೋಡಿ, ಹನ್ನೆರಡನ್ನು ಮೇಲಿಟ್ಟು ಎರಡೂ ಬದಿಗೆ ಬೆರಳು ಸವರಿ. ಎಲ್ಲೂ ತಡವದಿದ್ದರೆ ಅಗಲ ತುದಿ ಮುಚ್ಚಳದ ಕಡೆಗಾಗಿ ಡಬ್ಬಿಗೆ ಹಾಕಿ, ಮುಂದಿನ ಗುಂಪಿನ ಕಡೆ ಹೊರಡಿ.